ಮಗಳಿಗೊಂದು ಪತ್ರ: ಎದುರು ನಿಂತರೆ ಎಡ ಬಲ ಬದಲಾಗುತ್ತದೆ

ಪ್ರೀತಿಯ ಮಗಾ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಇಲ್ಲಿ ಕರೆಂಟು ಹೋಗಿತ್ತು, ಹಿಂದಿನ ಶೀಟಿನ ಮೇಲೆ ಮಳೆ ಜೋರಾಗಿ ಬೀಳುತ್ತಿತ್ತು, ನಿನ್ನ ಮಾತು ಅರ್ಧ ಕೇಳಿಸಲಿಲ್ಲ ಅಂತ ಹೇಳಿ ಫೋನ್ ಇಟ್ಟೆ. ಎಲ್ಲವೂ ಕೇಳಿಸಿತ್ತು. ಉತ್ತರ ಕೊಡಬೇಕಾದರೆ ಇಷ್ಟು ವರ್ಷ ನಿನಗೆ ಹೇಳದ ಒಂದು ವಿಷಯ ಹೇಳಬೇಕಿತ್ತು, ಅದನ್ನು ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಅದಕ್ಕೇ ಈಗ ಬರೆಯುತ್ತಾ ಕೂತಿದ್ದೇನೆ.

ನೀನು ಇಇಜಿ ಲ್ಯಾಬಿನ, ಅಂದರೆ ತಲೆಗೆ ವಯರು ಅಂಟಿಸಿ ಮಿದುಳಿನ ಅಲೆ ಹಿಡಿಯುವ ಲ್ಯಾಬಿನ, ಸೂಪರ್‌ವೈಸರ್ ಆಗಿ ಎರಡು ತಿಂಗಳು ಆಯಿತು. ನಿನ್ನ ಕೈಕೆಳಗಿನ ಹೊಸ ಹುಡುಗಿ ಜೋರಾಗಿ ಉಸಿರಾಡಿಸುವ ಪರೀಕ್ಷೆಯನ್ನು ಒಂದೇ ನಿಮಿಷಕ್ಕೆ ನಿಲ್ಲಿಸಿ, ಹಾಳೆಯಲ್ಲಿ 3 ನಿಮಿಷ ಅಂತ ಬರೆದಿದ್ದಾಳೆ. ವಿಡಿಯೋ ನೋಡುವಾಗ ನಿನಗೆ ಗೊತ್ತಾಯಿತು. ಮೇಲಿನವರಿಗೆ ಬರೆದು ಕೊಡಲಾ, ಇಲ್ಲ ಈ ಸಲ ಸುಮ್ನೆ ಬಿಡಲಾ ಅಂತ ಕೇಳಿದೆ.

ಎರಡೂ ಬೇಡ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಆ ಮೂರು ನಿಮಿಷದ ಮಾತು. ಹಾಗೆ ಉಸಿರಾಡಿದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಮಿದುಳಿನ ರಕ್ತನಾಳ ಸ್ವಲ್ಪ ಸಣ್ಣಗಾಗುತ್ತದೆ, ಅಡಗಿ ಕೂತ ಫಿಟ್ಸಿನ ಗುರುತು ಹೊರಗೆ ಬರುತ್ತದೆ ಅಂತ ನಿನಗೆ ಓದಿ ಗೊತ್ತುಂಟು. ಇದೇ ಕೆಲಸ ಮಾಡುತ್ತಿದ್ದ ನನಗೆ ಅದು ಓದಿ ಗೊತ್ತಾದದ್ದಕ್ಕಿಂತ ಬಂಟ್ವಾಳ ಕಡೆಯ ಒಂದು ಹೆಣ್ಣು ಮಗುವಿನಿಂದ ಗೊತ್ತಾಯಿತು. ಎರಡನೇ ಕ್ಲಾಸು. ಪಾಠ ಕೇಳುವುದಿಲ್ಲ, ಬಾಯಿಪಾಠ ಹೇಳುವಾಗ ಮಧ್ಯದಲ್ಲಿ ಸುಮ್ಮನಾಗುತ್ತಾಳೆ, ಅಹಂಕಾರ ಅಂತ ಶಾಲೆಯಲ್ಲಿ ದೂರು. ಮನೆಯಲ್ಲೂ ಪೆಟ್ಟು ಬಿದ್ದಿತ್ತು. ಅವಳ ಅಮ್ಮ ಅದನ್ನು ಹೇಳುವಾಗ ನೆಲ ನೋಡುತ್ತಿದ್ದರು. ಕಾಗದದ ಚಕ್ರ ಕೊಟ್ಟು ಊದು ಮಗು ಅಂದೆ. ಒಂದು ನಿಮಿಷ ಏನೂ ಇಲ್ಲ. ಎರಡು ನಿಮಿಷಕ್ಕೂ ಏನೂ ಇಲ್ಲ, ಆಗಲೇ ಹೊರಗೆ ನಾಲ್ಕು ಜನ ಕಾಯುತ್ತಿದ್ದರು. ಎರಡೂವರೆ ದಾಟಿರಬೇಕು, ಊದುತ್ತಿದ್ದವಳು ನಿಂತಳು. ಕಣ್ಣು ತೆರೆದೇ ಇತ್ತು. ಚಕ್ರ ಕೈಯಲ್ಲೇ ಇತ್ತು. ಪರದೆಯಲ್ಲಿ ಎಲ್ಲ ಗೆರೆಗಳೂ ಒಟ್ಟಿಗೆ ಎದ್ದವು, ಸೆಕೆಂಡಿಗೆ ಮೂರರಂತೆ ಒಂದು ಚೂಪು ಮೊನೆ, ಒಂದು ಅಲೆ, ಸ್ಪೈಕು, ವೇವು, ಸ್ಪೈಕು, ವೇವು. ನಾನು ಅವಳ ಕಿವಿಯ ಹತ್ತಿರ "ಕೆಂಪು ಛತ್ರಿ" ಅಂದೆ. ಹತ್ತು ಸೆಕೆಂಡು ಆಗಿರಬಹುದು, ಏನೂ ಆಗದವರ ಹಾಗೆ ಮತ್ತೆ ಊದಲು ಶುರು ಮಾಡಿದಳು. ಈಗ ನಾನು ಏನು ಹೇಳಿದೆ ಅಂತ ಕೇಳಿದರೆ, "ನೀವು ಎಂತ ಹೇಳಲಿಲ್ಲ ಆಂಟಿ" ಅಂದಳು.

ಆ ಮಗುವಿಗೆ ಅಹಂಕಾರವೂ ಇರಲಿಲ್ಲ, ಉದಾಸೀನವೂ ಇರಲಿಲ್ಲ. ಅಷ್ಟು ಹೊತ್ತು ಅವಳು ಅಲ್ಲಿ ಇರುತ್ತಲೇ ಇರಲಿಲ್ಲ. ಅದೂ ಒಂದು ಬಗೆಯ ಫಿಟ್ಸ್, ಅದಕ್ಕೆ ಮಾತ್ರೆ ಉಂಟು. ನಾನು ಒಂದು ನಿಮಿಷಕ್ಕೆ ನಿಲ್ಲಿಸಿದ್ದರೆ ರಿಪೋರ್ಟು ನಾರ್ಮಲ್ ಅಂತ ಹೋಗುತ್ತಿತ್ತು, ಮತ್ತೆ ಪೆಟ್ಟು ತಿನ್ನುತ್ತಿದ್ದಳು.

ನಿನ್ನ ಹುಡುಗಿಗೆ ಇದನ್ನು ಹೇಳು. ಆದರೆ ಬೈದು ಹೇಳಬೇಡ. ಯಾಕೆಂದರೆ ಈಗ ನನ್ನ ವಿಷಯ.

2001. ಆಗ ಇನ್ನೂ ಪೇಪರ್ ಮೆಷಿನ್. ಸೆಕೆಂಡಿಗೆ 30 ಮಿಲಿಮೀಟರಿನಂತೆ ಕಾಗದ ಓಡುತ್ತಿತ್ತು, 20 ನಿಮಿಷದ ಒಂದು ಟೆಸ್ಟಿಗೆ 36 ಮೀಟರ್ ಕಾಗದ, ಶಾಯಿ ಪೆನ್ನು ಒಣಗಿದರೆ ಅದನ್ನು ಸರಿ ಮಾಡುವುದೇ ಒಂದು ಕೆಲಸ. ನೀನು ಮೂರು ವರ್ಷದವಳು. ಬೈಂದೂರು ಕಡೆಯಿಂದ ಒಬ್ಬ ಹುಡುಗ ಬಂದ, ಹತ್ತೊಂಬತ್ತೋ ಇಪ್ಪತ್ತೋ, ಮೀನಿನ ಬೋಟಿಗೆ ಹೋಗುತ್ತಿದ್ದವನು. ಬಲಗೈ ಅದುರಲು ಶುರುವಾಗಿ ಆಮೇಲೆ ಮೈಯೆಲ್ಲ ಫಿಟ್ಸ್. ಸಮುದ್ರದಲ್ಲಿ ಒಮ್ಮೆ ಹಾಗೆ ಆಗಿ ಜೊತೆಯವರು ಹಿಡಿದು ಉಳಿಸಿದ್ದರು. ಅವನ ಅಮ್ಮ ಜೊತೆಗೆ ಬಂದಿದ್ದರು.

ನಾನು ಯಾವಾಗಲೂ ರೋಗಿಯ ತಲೆಯ ಹಿಂದೆ ನಿಂತು ವಯರು ಅಂಟಿಸುವವಳು. ಹಿಂದೆ ನಿಂತರೆ ಅವರ ಎಡ ನನ್ನ ಎಡವೇ, ಯೋಚಿಸುವುದೇ ಬೇಡ. ಬೆಸ ಸಂಖ್ಯೆ ಎಡಕ್ಕೆ, ಸಮ ಸಂಖ್ಯೆ ಬಲಕ್ಕೆ, ಕೈ ತಾನಾಗಿ ಹೋಗುತ್ತಿತ್ತು. ಆ ದಿನ ಕೋಣೆಯಲ್ಲಿ ಇನ್ನೊಂದು ಮಂಚ ತಂದು ಹಾಕಿದ್ದರಿಂದ ಅವನನ್ನು ಗೋಡೆಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂರಿಸಬೇಕಾಯಿತು. ನಾನು ಎದುರು ನಿಂತೆ. ಕೈ ಅಭ್ಯಾಸದ ಪ್ರಕಾರ ಹೋಯಿತು. ಬೆಸ ಸಂಖ್ಯೆಯ ವಯರುಗಳೆಲ್ಲ ಅವನ ಬಲಕ್ಕೆ, ಸಮ ಸಂಖ್ಯೆಯವು ಎಡಕ್ಕೆ.

ಒಂದೆರಡು ಮಾತ್ರ ಅದಲುಬದಲು ಆಗಿದ್ದರೆ ಗೆರೆ ವಿಚಿತ್ರ ಕಾಣುತ್ತಿತ್ತು. ಪೂರ್ತಿ ತಿರುಗಿದರೆ ಕನ್ನಡಿಯ ಹಾಗೆ, ಎಲ್ಲ ಚೆಂದವೇ ಕಾಣುತ್ತದೆ. "ಎಡಕ್ಕೆ ನೋಡು, ಬಲಕ್ಕೆ ನೋಡು" ಅಂತ ಒಮ್ಮೆ ಕಣ್ಣು ಆಡಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಆ ದಿನ ಅದನ್ನು ಬಿಟ್ಟೆ. ಊಟದ ಹೊತ್ತಾಗಿತ್ತು.

ಸಂಜೆ ಡಾಕ್ಟರು ಕರೆದು ಕೇಳಿದರು. ಅದುರುವುದು ಬಲಗೈ, ಅಂದರೆ ತೊಂದರೆ ಮಿದುಳಿನ ಎಡಗಡೆ ಇರಬೇಕು, ನಿಮ್ಮ ಕಾಗದದಲ್ಲಿ ಸ್ಪೈಕು ಬಲಗಡೆ ಉಂಟಲ್ಲ, ವಯರು ಸರಿ ಹಾಕಿದ್ದೀರಾ? ನಾನು ಒಂದು ಕ್ಷಣವೂ ಯೋಚಿಸದೆ "ಸರಿಯಾಗಿಯೇ ಹಾಕಿದ್ದೇನೆ ಸರ್" ಅಂದೆ. ಅದೇ ನನ್ನ ತಪ್ಪು ಮಗಾ. ವಯರಿಗಿಂತ ದೊಡ್ಡ ತಪ್ಪು. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ, ಹೆದರಿಕೆಗೆ ಬಾಯಿಂದ ಹಾಗೆ ಬಂತು.

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಬಸ್ಸು ಹತ್ತಿದೆ. ಹಂಪನಕಟ್ಟೆ ದಾಟುವಾಗ ಡ್ರೈವರನ ಮುಂದಿನ ಕನ್ನಡಿಯಲ್ಲಿ ಒಬ್ಬರು ಮುಖ ಒರೆಸಿಕೊಳ್ಳುವುದು ಕಂಡಿತು, ಯಾವ ಕೈಯಲ್ಲಿ ಒರೆಸುತ್ತಿದ್ದಾರೆ ಅಂತ ನನಗೆ ತಕ್ಷಣ ಹೇಳಲು ಆಗಲಿಲ್ಲ. ಮೈ ತಣ್ಣಗಾಯಿತು. ಆ ಕುರ್ಚಿ, ಆ ಗೋಡೆ, ನಾನು ನಿಂತ ಜಾಗ ಎಲ್ಲ ಕಣ್ಣ ಮುಂದೆ ಬಂತು. ಆ ರಾತ್ರಿ ನಿದ್ದೆ ಬರಲಿಲ್ಲ, ನಿನ್ನ ಅಪ್ಪನಿಗೂ ಹೇಳಲಿಲ್ಲ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ನಮ್ಮ ಸೂಪರ್‌ವೈಸರ್ ಹತ್ತಿರ ಹೇಳಿದೆ. ಹಿರಿಯರು, ಕಡಿಮೆ ಮಾತಿನವರು. ಕೆಲಸ ಹೋಯಿತು ಅಂತಲೇ ನಾನು ತಿಳಿದದ್ದು. ಅವರು ಕೈಯಲ್ಲಿದ್ದ ಚಹಾ ಕೆಳಗಿಟ್ಟು, "ಬನ್ನಿ, ಮೊದಲು ಡಾಕ್ಟರ ಹತ್ತಿರ ಹೋಗುವ, ಆಮೇಲೆ ಅವರಿಗೆ ಫೋನು" ಅಂದರು. ಡಾಕ್ಟರ ಕೋಣೆಗೆ ನನ್ನ ಜೊತೆ ಅವರೂ ಬಂದರು. ಮಾತಾಡಲು ನನ್ನನ್ನೇ ಬಿಟ್ಟರು, ಆದರೆ ಪಕ್ಕದಲ್ಲಿ ನಿಂತಿದ್ದರು. ಹುಡುಗನ ಮನೆಯಲ್ಲಿ ಫೋನ್ ಇರಲಿಲ್ಲ, ಹತ್ತಿರದ ಅಂಗಡಿಗೆ ಮಾಡಿ ತಿಳಿಸಿದ್ದು. ಎರಡು ದಿನ ಬಿಟ್ಟು ಹುಡುಗ, ಅವನ ಅಮ್ಮ ಮತ್ತೆ ಬಂದರು. ಟೆಸ್ಟಿಗೆ ಹಣ ತೆಗೆದುಕೊಳ್ಳಲಿಲ್ಲ, ಬಸ್ಸಿನ ಹಣವನ್ನು ಆ ಹಿರಿಯರೇ ಕಿಸೆಯಿಂದ ಕೊಟ್ಟರು.

ಹುಡುಗನ ಅಮ್ಮ ನನಗೆ ಬೈದರು. ಎರಡು ದಿನದ ಕೆಲಸ ಹೋಯಿತು, ಅಷ್ಟು ದೂರ ಬಸ್ಸಿನಲ್ಲಿ ಎರಡೆರಡು ಸಲ, ನಿಮಗೆ ಎಡ ಬಲ ಗೊತ್ತಿಲ್ವಾ ಅಂತ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕೇಳಿಸಿಕೊಂಡೆ, ಮತ್ತೆ ಅಳತೆಯ ಟೇಪು ತೆಗೆದುಕೊಂಡು ಆ ಹುಡುಗನ ಹಿಂದೆ ನಿಂತೆ. ಈ ಸಲ ಸ್ಪೈಕು ಎಡಗಡೆ ಬಂತು.

ಆಮೇಲೆ ಸುಮಾರು ಒಂದು ತಿಂಗಳು ರಾತ್ರಿ ಊಟ ಆದ ಮೇಲೆ ನಿನ್ನ ತಲೆಯಲ್ಲಿ ಅಳತೆ ಮಾಡುತ್ತಿದ್ದೆ. ನಿನಗೆ ಅದೊಂದು ಆಟ. ಮೂಗಿನ ಬುಡದಿಂದ ತಲೆಯ ಹಿಂದಿನ ಉಬ್ಬಿನ ತನಕ ಟೇಪು, ಅದರ ನೂರಕ್ಕೆ 10 ಪಾಲು, ಮತ್ತೆ 20 ಪಾಲು, ವಯರು ಅಂಟಿಸುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು. ಒಮ್ಮೆ ಹಿಂದೆ ನಿಂತು, ಒಮ್ಮೆ ಎದುರು ಕೂತು, ಒಮ್ಮೆ ನೀನು ಮಲಗಿದಾಗ ತಲೆದಿಂಬಿನ ಕಡೆಯಿಂದ. ಇದು ನಿನ್ನ ಎಡ, ಇದು ನಿನ್ನ ಬಲ ಅಂತ ಜೋರಾಗಿ ಹೇಳುತ್ತಾ. ಎಷ್ಟೋ ವರ್ಷದ ಮೇಲೆ ಓದಿದೆ, ಮನುಷ್ಯನ ಮಿದುಳಿನ ಅಲೆಗಳನ್ನು 1924ರಲ್ಲಿ ಮೊದಲು ಹಿಡಿದ ಜರ್ಮನಿಯ ಹಾನ್ಸ್ ಬೆರ್ಗರ್ ಕೂಡ ತನ್ನ ಮಗ ಕ್ಲೌಸ್‌ನ ತಲೆಯ ಮೇಲೆ ಎಷ್ಟೋ ಸಲ ರೆಕಾರ್ಡಿಂಗ್ ಮಾಡಿದ್ದನಂತೆ. ಸಿಕ್ಕಿದ್ದನ್ನು ಪ್ರಕಟಿಸಲು 1929ರ ತನಕ ಕಾದ. ಐದು ವರ್ಷ. ಇದು ನಿಜವಾಗಿ ಮಿದುಳಿನಿಂದಲೇ ಬಂದದ್ದಾ, ಬೇರೆ ಎಲ್ಲಿಂದಲೋ ಬಂದ ಅಲುಗಾಟವಾ ಅಂತ ಪರೀಕ್ಷಿಸುತ್ತಲೇ ಇದ್ದ. ಅದನ್ನು ಓದಿದ ದಿನ ನನಗೆ ತುಂಬಾ ಸಮಾಧಾನ ಆಗಿತ್ತು.

ಈಗ ಆ ಹುಡುಗಿಯ ವಿಷಯ. ನೀನು ಮೊದಲು ಆ ರೋಗಿಯನ್ನು ಪುನಃ ಕರೆಸು. ರಿಪೋರ್ಟ್ ಮಾಡುವ ಡಾಕ್ಟರಿಗೆ ಇವತ್ತೇ ಹೇಳು, ಉಸಿರಾಟ ಒಂದು ನಿಮಿಷ ಮಾತ್ರ ಆಗಿದೆ ಅಂತ. ಇದನ್ನು ಮುಚ್ಚಲು ಆಗುವುದಿಲ್ಲ, ಮುಚ್ಚಬಾರದು. ಆದರೆ ಡಾಕ್ಟರಿಗೆ ಹೇಳುವವಳು ಅವಳೇ ಆಗಲಿ, ಪಕ್ಕದಲ್ಲಿ ನೀನು ನಿಲ್ಲು. ಹಾಳೆಯಲ್ಲಿ ಹಳೆಯದನ್ನು ಅಳಿಸದೆ ಒಂದು ಗೆರೆ ಎಳೆದು, ಸರಿಯಾದದ್ದನ್ನು ಬರೆದು ಸಹಿ ಹಾಕಲಿ. ಅವಳು ಮಾಡಿಸಲು ಆಗದ್ದಕ್ಕೆ ಸರಿಯಾದ ಕಾರಣವೂ ಇದ್ದಿರಬಹುದು, ಅದನ್ನೂ ಕೇಳು. ಹೃದಯದ ತೊಂದರೆ ಇದ್ದವರಿಗೆ, ಇತ್ತೀಚೆಗೆ ಸ್ಟ್ರೋಕ್ ಆದವರಿಗೆ, ಉಬ್ಬಸ ಜಾಸ್ತಿ ಇದ್ದವರಿಗೆ ಮಾಡಿಸಲೇಬಾರದು ಅಲ್ವಾ. ಹಾಗಿದ್ದರೆ ಮಾಡಿಸಲಿಲ್ಲ ಅಂತಲೇ ಬರೆಯಬಹುದಿತ್ತು. ನಾರ್ಮಲ್ ಇಇಜಿ ಬಂದ ಮಾತ್ರಕ್ಕೆ ಫಿಟ್ಸ್ ಇಲ್ಲ ಅಂತ ಅಲ್ಲ, ಡಾಕ್ಟರಿಗೆ ಅದು ಗೊತ್ತು. ಆದರೆ ಏನು ಮಾಡಿದ್ದೇವೆ, ಏನು ಮಾಡಲಿಲ್ಲ ಅಂತ ಅವರಿಗೆ ಗೊತ್ತಾಗುವುದು ನಮ್ಮ ಕೈಬರಹದಿಂದ ಮಾತ್ರ.

ಮತ್ತೆ ಅವಳ ಆ ದಿನದ ಪಟ್ಟಿ ತೆಗೆದು ನೋಡು. ಎಷ್ಟು ಜನ ಇದ್ದರು? ನೀನು ಹತ್ತು ಅಂದ ಹಾಗೆ ಕೇಳಿಸಿತು. ಲೆಕ್ಕ ಹಾಕು ಮಗಾ. ಅಳತೆ ಮಾಡಿ, ಚರ್ಮ ಉಜ್ಜಿ, ಇಪ್ಪತ್ತಕ್ಕೂ ಜಾಸ್ತಿ ಎಲೆಕ್ಟ್ರೋಡು ಅಂಟಿಸಲು ಅರ್ಧ ಗಂಟೆ. ರೆಕಾರ್ಡಿಂಗ್ ಕಡಿಮೆ ಅಂದರೂ 20 ನಿಮಿಷ, ಕಣ್ಣ ಮುಂದೆ ಮಿನುಗಿಸುವ ಲೈಟು, ಉಸಿರಾಟ ಸೇರಿ ಇನ್ನೂ ಸ್ವಲ್ಪ. ತಲೆ ಒರೆಸಿ ಕಳಿಸಿ, ಎಲೆಕ್ಟ್ರೋಡು ತೊಳೆಯುವುದು ಬೇರೆ. ಒಂದು ಗಂಟೆ ದಾಟುತ್ತದೆ. ನಮ್ಮ ಊರಿನಲ್ಲಾದರೆ ಇನ್ನೂ ಜಾಸ್ತಿ. ಆಸ್ಪತ್ರೆಗೆ ಹೋಗುವುದು ಅಂತ ತಲೆಗೆ ಚೆನ್ನಾಗಿ ತೆಂಗಿನೆಣ್ಣೆ ಹಾಕಿ, ಮಲ್ಲಿಗೆ ಮುಡಿದು ಬರುತ್ತಾರೆ, ಪುನಃ ತೊಳೆಸಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬೆವರಿಗೆ ಎಲ್ಲ ಗೆರೆಗಳೂ ದೋಣಿಯ ಹಾಗೆ ನಿಧಾನ ತೂಗುತ್ತವೆ, ಒರೆಸಿ ತಣ್ಣಗೆ ಮಾಡಿ ಕಾಯಬೇಕು. ತಲೆವಸ್ತ್ರ ತೆಗೆಯಬೇಕಾದ ಹೆಂಗಸರು ಬಂದರೆ ಬಾಗಿಲು ಹಾಕಿ, ಪರದೆ ಎಳೆದು, ಗಂಡಸರು ಯಾರೂ ಒಳಗೆ ಬರುವುದಿಲ್ಲ ಅಂತ ಹೇಳಿ ಆಮೇಲೆ ಶುರು ಮಾಡಬೇಕು. ಶಾಕ್ ಕೊಡ್ತೀರಾ ಅಂತ ಹೆದರುವ ಅಜ್ಜಿಯರಿಗೆ "ಪೋಡ್ಯೊಡ್ಚಿ, ಹೆದರಬೇಡಿ, ನಾವು ಏನೂ ಕೊಡುವುದಿಲ್ಲ, ನಿಮ್ಮ ತಲೆಯಿಂದ ಬರುವುದನ್ನು ಕೇಳಿಸಿಕೊಳ್ಳುತ್ತೇವೆ ಅಷ್ಟೇ" ಅಂತ ಹೇಳಬೇಕು. ಗಡಿಯಾರದ ಒಂದು ಸೆಲ್ಲಿನ ಒಂದೂವರೆ ವೋಲ್ಟನ್ನು 30,000 ಪಾಲು ಮಾಡಿದರೆ ಸಿಗುವ ಒಂದು ಪಾಲಿನಷ್ಟು, 50 ಮೈಕ್ರೋವೋಲ್ಟು, ಅಷ್ಟು ಸಣ್ಣದ್ದನ್ನು ಹಿಡಿಯಲು ಕೂತವರನ್ನು ಅವಸರ ಮಾಡಿದರೆ ಏನು ಸಿಗುತ್ತದೆ?

ಎಂಟು ಗಂಟೆಯ ಡ್ಯೂಟಿಯಲ್ಲಿ ಒಬ್ಬಳಿಗೆ ಆರು ಟೆಸ್ಟು ಆಗಬಹುದು. ಹತ್ತು ಕೊಟ್ಟರೆ ಎಲ್ಲಿಯಾದರೂ ಕಡಿಮೆ ಮಾಡಲೇಬೇಕು, ಅವಳು ಉಸಿರಾಟದಲ್ಲಿ ಮಾಡಿದಳು. ಅವಳು ಸುಳ್ಳು ಬರೆದದ್ದು ತಪ್ಪೇ, ಅದನ್ನು ಅವಳಿಗೆ ಸ್ಪಷ್ಟವಾಗಿ ಹೇಳು. ಆದರೆ ನೀನು ಬರೆದು ಕೊಡುವುದಾದರೆ ಆ ಹತ್ತರ ಬಗ್ಗೆ ಮೇಲಿನವರಿಗೆ ಬರೆದು ಕೊಡು. ಗಂಟೆ, ನಿಮಿಷ ಹಾಕಿ, ಒಂದು ಪುಟದಲ್ಲಿ. ಹುಡುಗಿಯ ಹೆಸರು ಹಾಕಬೇಡ. ಅವರಿಗೆ ಸಿಟ್ಟು ಬಂದರೆ ನಿನ್ನ ಮೇಲೆ ಬರಲಿ. ನೀನು ಈಗ ಸೂಪರ್‌ವೈಸರ್ ಅಲ್ವಾ.

ರೋಗಿಯ ಮನೆಯವರು ನಿನ್ನನ್ನೂ ಬೈಯಬಹುದು. ಮದುವೆಯ ವಯಸ್ಸಿನ ಹುಡುಗಿಯಾದರೆ ಇನ್ನೂ ಜಾಸ್ತಿ, ಎರಡು ಸಲ ಇಇಜಿಗೆ ಯಾಕೆ ಕರೆದರು ಅಂತ ಊರೆಲ್ಲ ಮಾತಾಡುತ್ತದೆ ಅಂತ ಅವರಿಗೆ ಹೆದರಿಕೆ. 1999ರಲ್ಲಿ ಹಿಂದೂ ವಿವಾಹ ಕಾಯ್ದೆಯಿಂದ, ಮದುವೆಗೆ ಅಡ್ಡಿಯಾಗಿದ್ದ ಅಪಸ್ಮಾರ, ಅಂದರೆ ಫಿಟ್ಸ್ ಕಾಯಿಲೆ, ಅನ್ನುವ ಪದವನ್ನೇ ತೆಗೆದು ಹಾಕಿದ್ದಾರೆ, ಆದರೂ ಜನರ ಮನಸ್ಸಿನಿಂದ ಹೋಗಿಲ್ಲ. ಫೋನ್ ಮಾಡುವಾಗ ಟೆಸ್ಟಿನ ಹೆಸರು ಹೇಳಬೇಡ, ಯಾರು ಎತ್ತುತ್ತಾರೋ ಗೊತ್ತಿಲ್ಲ. ತಪ್ಪು ನಮ್ಮದು, ಹಣ ಬೇಡ, ನಿಮಗೆ ಆಗುವ ಹೊತ್ತಿಗೆ ಬನ್ನಿ ಅಂತ ಹೇಳು.

ಇನ್ನೊಂದು, ಮರೆಯುವ ಮೊದಲು. ನಾಳೆಯಿಂದ ನಿನ್ನ ಲ್ಯಾಬಿನಲ್ಲಿ ರೆಕಾರ್ಡಿಂಗ್ ಶುರುವಿಗೆ ಪ್ರತಿಯೊಬ್ಬರೂ ಎಡಬದಿಯ ಒಂದು ಎಲೆಕ್ಟ್ರೋಡನ್ನು ಬೆರಳಿನಿಂದ ಮೆಲ್ಲ ತಟ್ಟಿ, ಪರದೆಯಲ್ಲಿ ಅದೇ ಗೆರೆ ಅಲುಗುತ್ತದಾ ಅಂತ ನೋಡಲಿ. ಬಲಕ್ಕೂ ಹಾಗೆಯೇ. ಐದು ಸೆಕೆಂಡಿನ ಕೆಲಸ. ಯಾಕೆ ಅಂತ ಯಾರಾದರೂ ಕೇಳಿದರೆ ನನ್ನ ಕಥೆ ಹೇಳು, ನನ್ನ ಅಮ್ಮ ಅಂತಲೇ ಹೇಳು. ನನಗೇನೂ ಬೇಸರ ಇಲ್ಲ.

ಶನಿವಾರ ಡ್ಯೂಟಿ ಮುಗಿಸಿ ಫೋನ್ ಮಾಡು. ಆ ಹುಡುಗಿ ಏನು ಹೇಳಿದಳು ಅಂತ ಕೇಳಬೇಕು. ಈ ಸಲ ಮಳೆ ಬಂದರೂ ಫೋನ್ ಇಡುವುದಿಲ್ಲ.

ಇಂತಿ,
ಅಮ್ಮ