ಸಿಗ್ನಲ್ ಲೆಕ್ಕದಲ್ಲಿ ನಡೆಯುವವರೂ ಇರಲಿ

ಮಾನ್ಯ ಸಂಪಾದಕರೇ,

ವಾಹನಗಳ ಸಾಲು ನೋಡಿಕೊಂಡು ತಾನೇ ಸಮಯ ಬದಲಿಸಿಕೊಳ್ಳುವ ಸಿಗ್ನಲ್‌ಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿ ಖುಷಿಯಾಯಿತು. ಅಡ್ಡರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ, ಆದರೂ ಕೆಂಪು ದೀಪ ನೋಡುತ್ತಾ ಸುಮ್ನೆ ನಿಂತಿರಬೇಕು. ಯಾವತ್ತೋ ವಾಹನ ಎಣಿಸಿ ಹಾಕಿದ ಲೆಕ್ಕದಲ್ಲೇ ಇವತ್ತೂ ಸಿಗ್ನಲ್ ಓಡಿಸಿದರೆ ಇನ್ನೇನಾಗುತ್ತದೆ?

ಸಿಡ್ನಿಯ ಸ್ಕ್ಯಾಟ್ಸ್, ಬ್ರಿಟನ್ನಿನ ಸ್ಕೂಟ್ ಎಂಬ ವ್ಯವಸ್ಥೆಗಳು 1970ರ ದಶಕದಲ್ಲೇ ಇದಕ್ಕೆ ದಾರಿ ಹುಡುಕಿದವು. ರಸ್ತೆಯಡಿ ಹೂತ ತಂತಿಯ ಸುರುಳಿ ವಾಹನ ಬಂದದ್ದನ್ನು ತಿಳಿಸುತ್ತದೆ. ಈಗ ಕ್ಯಾಮೆರಾಗಳೂ ಆ ಕೆಲಸ ಮಾಡುತ್ತವೆ. ಯಾವ ಕಡೆಗೆ ಎಷ್ಟು ಹೊತ್ತು ಹಸಿರು, ಮುಂದಿನ ಸರ್ಕಲ್‌ನಲ್ಲಿ ಯಾವಾಗ ಹಸಿರು ಎಂಬುದನ್ನು ಕಂಪ್ಯೂಟರ್ ಆಗಿಂದಾಗ್ಗೆ ತೀರ್ಮಾನಿಸುತ್ತದೆ. ಒಳ್ಳೆಯದೇ.

ಆದರೆ ಆ ಸುರುಳಿಗೆ ಗೊತ್ತಾಗುವುದು ಲೋಹ ಮಾತ್ರ. ಕಾಲ್ನಡಿಗೆಯವರು ಅದರ ಪಾಲಿಗೆ ಇಲ್ಲವೇ ಇಲ್ಲ. ವಾಹನ ಬರುತ್ತಲೇ ಇದ್ದರೆ ಅವಕ್ಕೆ ಹಸಿರು ಬೆಳೆಯುತ್ತದೆ, ದಾಟಲು ನಿಂತವರು ಇನ್ನಷ್ಟು ಕಾಯಬೇಕಾಗುತ್ತದೆ.

ಮೊನ್ನೆ ಒಬ್ಬ ಅಜ್ಜಿ ಕೋಲೂರಿಕೊಂಡು ರಸ್ತೆ ದಾಟುತ್ತಿದ್ದರು. ಅರ್ಧಕ್ಕೆ ಬರುವಷ್ಟರಲ್ಲಿ ದಾಟುವವರ ಹಸಿರು ದೀಪ ಮಿನುಗತೊಡಗಿತು. ಬೈಕಿನವರು ಆಗಲೇ ಆಕ್ಸಿಲರೇಟರ್ ತಿರುವುತ್ತಿದ್ದರು. ಓಡಿ ಹೋಗಿ ಕೈ ಹಿಡಿದೆ. ಅವರ ಬೆರಳುಗಳು ನಡುಗುತ್ತಿದ್ದವು. ದಾಟಿದ ಮೇಲೂ ಬಹಳ ಹೊತ್ತು ನನ್ನ ಕೈ ಬಿಡಲಿಲ್ಲ.

ಲೆಕ್ಕ ಸರಳ. ಎಂಜಿನಿಯರ್‌ಗಳು ಸಾಮಾನ್ಯವಾಗಿ ನಡಿಗೆಯನ್ನು ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿಯುತ್ತಾರೆ. 20 ಮೀಟರ್ ಅಗಲದ ರಸ್ತೆಗೆ ಸುಮಾರು 17 ಸೆಕೆಂಡ್. ಸೆಕೆಂಡಿಗೆ 0.8 ಮೀಟರ್ ನಡೆಯುವ ಅಜ್ಜಿಗೆ 25 ಬೇಕು. ಆ ಎಂಟು ಸೆಕೆಂಡ್ ಅವರು ವಾಹನಗಳ ಎದುರಿಗೆ ನಿಂತಂತೆಯೇ, ಅಲ್ವಾ?

ಇದಕ್ಕೂ ಪರಿಹಾರ ಇದೆ. ಬ್ರಿಟನ್ನಿನಲ್ಲಿ ನಡೆಯುವವರು ದಾಟಲೆಂದೇ ಇರುವ ‘ಪಫಿನ್’ ಎಂಬ ಕ್ರಾಸಿಂಗ್‌ಗಳಲ್ಲಿ ಸೆನ್ಸರ್‌ಗಳು ಜನ ಇನ್ನೂ ದಾಟುತ್ತಿದ್ದಾರಾ ಎಂದು ನೋಡಿ ವಾಹನಗಳನ್ನು ತಡೆದಿಡುತ್ತವೆ. ಸಿಂಗಪುರದ ಸಿಗ್ನಲ್‌ಗಳೂ ದಟ್ಟಣೆಗೆ ತಕ್ಕಂತೆ ಬದಲಾಗುವಂಥವೇ. ಅಲ್ಲಿ 2009ರಿಂದ ಹಲವು ಕಡೆ ಹಿರಿಯರು ತಮ್ಮ ರಿಯಾಯಿತಿ ಕಾರ್ಡನ್ನು ಸಿಗ್ನಲ್ ಕಂಬದ ಪೆಟ್ಟಿಗೆಗೆ ತಾಗಿಸಿದರೆ ದಾಟಲು ಕೆಲವು ಸೆಕೆಂಡ್ ಜಾಸ್ತಿ ಸಿಗುತ್ತದೆ.

ಹೊಸ ಸಿಗ್ನಲ್‌ಗಳಿಗೆ ದುಡ್ಡು ಹಾಕುವವರಲ್ಲಿ ನನ್ನ ವಿನಂತಿ ಇಷ್ಟೇ. ವಾಹನಗಳು ಕಾಯುವುದು ಎಷ್ಟು ಕಡಿಮೆಯಾಯಿತು ಎಂದು ವರದಿ ಕೊಡುವಾಗ, ನಡೆಯುವವರು ಎಷ್ಟು ಹೊತ್ತು ಕಾದರು, ದಾಟಿ ಮುಗಿಸಲು ಎಷ್ಟು ಸಮಯ ಸಿಕ್ಕಿತು ಎಂಬುದನ್ನೂ ಅದೇ ವರದಿಯಲ್ಲಿ ಬರೆಯಿರಿ.

ಇಂತಿ,
ದಿನಾ ರಸ್ತೆ ದಾಟುವ ಓದುಗ