ಪ್ರೊಸೆಕ್ಕೊ ಈಗ ದ್ರಾಕ್ಷಿಯ ಹೆಸರಲ್ಲ

ಮಾನ್ಯ ಸಂಪಾದಕರೆ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಇಟಲಿಯ ವೈನ್‌ಗಳ ಕುರಿತು ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕೆಂಪು ವೈನ್‌ಗಳಿಗೆ ಮುಕ್ಕಾಲು ಪುಟ ಮೀಸಲಿಟ್ಟ ಲೇಖಕರು, ಬಿಳಿ ವೈನ್‌ಗಳನ್ನು ಮಾತ್ರ ಪಿನೊ ಗ್ರಿಜೊ ಮತ್ತು ಪ್ರೊಸೆಕ್ಕೊ ಎಂಬ ಇಟಲಿಯ ಎರಡು ದ್ರಾಕ್ಷಿಗಳಿಂದ ಮಾಡುವ ಹಗುರ ಪಾನೀಯವೆಂದು ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟಿದ್ದಾರೆ. ಪಿನೊ ಗ್ರಿಜೊ ಇಟಲಿಯ ಮೂಲದ್ದಲ್ಲ, ಫ್ರಾನ್ಸಿನ ಬರ್ಗಂಡಿಯಿಂದ ಬಂದದ್ದು. ನೊರೆಯುಕ್ಕುವ ಬಿಳಿ ವೈನಿನ ಹೆಸರಾದ ಪ್ರೊಸೆಕ್ಕೊ ಹಿಂದೆ ದ್ರಾಕ್ಷಿಯ ಹೆಸರೂ ಆಗಿತ್ತು, ನಿಜ. ಆದರೆ ತಳಿಯ ಹೆಸರಾಗಿರುವಷ್ಟು ಕಾಲ ಅದನ್ನು ಯಾವ ದೇಶದವರಾದರೂ ಬಾಟಲಿಯ ಮೇಲೆ ಅಚ್ಚುಹಾಕಿಸಿಕೊಳ್ಳಬಹುದಿತ್ತು. ಆದ್ದರಿಂದ 2009ರಲ್ಲಿ ಇಟಲಿಯವರು ದ್ರಾಕ್ಷಿಯನ್ನು ಗ್ಲೆರಾ ಎಂದು ಕರೆದು, ತ್ರಿಯೆಸ್ತೆ ನಗರದ ಬಳಿ ಪ್ರೊಸೆಕ್ಕೊ ಎಂಬ ಊರೇ ಇರುವುದನ್ನು ಆಧಾರವಾಗಿಟ್ಟುಕೊಂಡು, ಆ ಹೆಸರನ್ನು ಪ್ರದೇಶದ ಗುರುತಾಗಿ ಕಾಯ್ದಿರಿಸಿಕೊಂಡರು.

ಇನ್ನು ‘ಹಗುರ’ ಎಂಬ ಮಾತು. ವಾಯವ್ಯ ಇಟಲಿಯ ಪಿಯೆಮೊಂತೆ ಪ್ರಾಂತ್ಯದ ತೊರ್ತೊನಾ ಗುಡ್ಡಗಳ ತಿಮೊರಾಸ್ಸೊ ಎಂಬ ಬಿಳಿ ದ್ರಾಕ್ಷಿಯ ವೈನ್ ಮೈತುಂಬಿದ್ದು, ಬಾಟಲಿಯಲ್ಲಿ ವರ್ಷಗಟ್ಟಲೆ ಕಾಯಿಸಿದಷ್ಟೂ ಪಳಗುವಂಥದ್ದು. ಗೊಂಚಲು ಸರಿಯಾಗಿ ಕಚ್ಚುವುದಿಲ್ಲ, ಇಳುವರಿ ನೆಚ್ಚಿಕೊಳ್ಳುವಂತಿಲ್ಲ ಎಂದು ರೈತರು ಅದನ್ನು ಕಿತ್ತು ಕೊರ್ತೇಸೆ ಎಂಬ ಸುಲಭದ ತಳಿಯನ್ನು ಹಾಕುತ್ತ ಬಂದರು. 1980ರ ದಶಕದಲ್ಲಿ ಮೊನ್ಲೆಯಾಲೆ ಹಳ್ಳಿಯ ವಾಲ್ಟರ್ ಮಾಸ್ಸಾ ಹಟ ಹಿಡಿದು ಅದರಿಂದಲೇ ವೈನ್ ಮಾಡದಿದ್ದರೆ ಇಂದು ಆ ಹೆಸರು ತಳಿಗಳ ಪಟ್ಟಿಯಲ್ಲಷ್ಟೇ ಉಳಿಯುತ್ತಿತ್ತೇನೋ. ಸೊಆವೆಯ ಗಾರ್ಗಾನೆಗಾ, ಮಾರ್ಕೆಯ ವೆರ್ದಿಕ್ಕಿಯೊ, ಅವೆಲ್ಲೀನೊ ಕಡೆಯ ಫಿಯಾನೊ ಎಂಬ ಬಿಳಿ ದ್ರಾಕ್ಷಿಗಳದ್ದೂ ಒಂದೊಂದು ಬಗೆ. ಫಿಯಾನೊ ಹೇಝಲ್‌ನಟ್ ಕಾಯಿಯ ಪರಿಮಳಕ್ಕೆ ಹೆಸರಾದದ್ದು; ಅವೆಲ್ಲೀನೊ ಆ ಕಾಯಿಗೂ ಹೆಸರಾದ ಸೀಮೆ ಎಂಬುದು ಸೋಜಿಗ.

ನಾನು ಕಣ್ಣಾರೆ ಕಂಡದ್ದು ಒಂದೇ ತಳಿಯ ತೋಟವನ್ನು. ಮಗಳು ನೇಪಲ್ಸ್‌ನಲ್ಲಿ ಓದುತ್ತಿದ್ದಾಗ ಅಲ್ಲಿಂದ ಉತ್ತರಕ್ಕಿರುವ ಅವೆರ್ಸಾ ಎಂಬ ಊರಿಗೆ ಕೊಯ್ಲಿನ ಕಾಲದಲ್ಲಿ ಹೋಗಿದ್ದೆವು. ಅಲ್ಲಿ ಅಸ್ಪ್ರೀನಿಯೊ ಎಂಬ ಬಿಳಿ ದ್ರಾಕ್ಷಿಯ ಬಳ್ಳಿಯನ್ನು ಕಂಬಕ್ಕಾಗಲಿ ತಂತಿಗಾಗಲಿ ಕಟ್ಟದೆ ಪಾಪ್ಲರ್ ಮರಗಳಿಗೇ ಹಬ್ಬಿಸುತ್ತಾರೆ. ಮರದಿಂದ ಮರಕ್ಕೆ ತೋರಣದಂತೆ ಚಾಚಿ, ಹತ್ತು ಹದಿನೈದು ಮೀಟರ್ ಎತ್ತರದ ಹಸಿರು ಗೋಡೆಯಾಗಿ ನಿಲ್ಲುತ್ತದೆ. ಕಿರಿದಾದ ಉದ್ದನೆಯ ಏಣಿಯ ತುದಿಯಲ್ಲಿ ಮೊಣಕಾಲು ಸಿಕ್ಕಿಸಿಕೊಂಡು ಎರಡೂ ಕೈಯಿಂದ ಗೊಂಚಲು ಬಿಡಿಸುತ್ತಿದ್ದ ಮುದುಕನನ್ನು ಕಂಡಾಗ, ನಮ್ಮ ತೋಟದಲ್ಲಿ ಕಾಳುಮೆಣಸು ಕೊಯ್ಯುವವರ ನೆನಪಾಗದೆ ಇರಲಿಲ್ಲ. ಬುಟ್ಟಿಯ ತಳ ಮಾತ್ರ ನಮ್ಮದರಂತೆ ಚಪ್ಪಟೆಯಲ್ಲ, ಚೂಪು: ಹಗ್ಗದಲ್ಲಿ ಇಳಿಬಿಟ್ಟಾಗ ನೆಲಕ್ಕೆ ನಾಟಿಕೊಂಡು ನೆಟ್ಟಗೆ ನಿಲ್ಲುತ್ತದೆ, ಒಂದು ಹಣ್ಣೂ ಚೆಲ್ಲುವುದಿಲ್ಲ. ಅಸ್ಪ್ರೀನಿಯೊ ಹೆಸರಿನಲ್ಲೇ ಹುಳಿಯಿದೆ: ಇಟಲಿಯ ಭಾಷೆಯಲ್ಲಿ ‘ಆಸ್ಪ್ರೊ’ ಎಂದರೆ ಹುಳಿ. ಮೊದಲ ಗುಟುಕು ಹುಣಸೆಕಾಯಿ ಕಚ್ಚಿದಂತಾಗಿ, ಇದನ್ನು ಕುಡಿಯುವುದಾದರೂ ಹೇಗೆಂದುಕೊಂಡೆ; ಅದೇ ಸೀಮೆಯ ಎಮ್ಮೆಹಾಲಿನ ಮೊಜ್ಜರೆಲ್ಲಾ ತುಂಡೊಂದನ್ನು ಬಾಯಿಗಿಟ್ಟುಕೊಂಡ ಮೇಲೆ ಆ ಹುಳಿಯ ಹದ ತಿಳಿಯಿತು. ಏಣಿ ಹತ್ತುವವರು ಸಿಗದೆ ಹಲವರು ಈಗ ಬಳ್ಳಿಯನ್ನು ತಗ್ಗಿನ ತಂತಿಗೆ ಇಳಿಸುತ್ತಿದ್ದಾರೆಂದು ಆ ಮುದುಕ ಹೇಳಿದ್ದನ್ನು ಮಗಳು ಕನ್ನಡಕ್ಕೆ ತಿರುಗಿಸಿದಳು. ಅಡಿಕೆ ಕೊನೆಗಾರರಿಗಾಗಿ ಅಲೆಯುವ ನಮಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ವೈನ್ ಕುಡಿಯಿರೆಂದು ಯಾರಿಗೂ ಹೇಳುವುದು ನನ್ನ ಉದ್ದೇಶವಲ್ಲ. ಬರೆಯುವುದೇ ಆದರೆ ‘ಇಟಲಿಯ ಬಿಳಿ ವೈನ್’ ಎಂದು ಒಟ್ಟಾರೆ ಬರೆಯದೆ, ಯಾವ ದ್ರಾಕ್ಷಿ, ಯಾವ ಊರು ಎಂಬೆರಡನ್ನಾದರೂ ನಮೂದಿಸಲಿ. ಸದ್ಯಕ್ಕೆ ಮುಂದಿನ ಪುರವಣಿಯಲ್ಲಿ ಪಿನೊ ಗ್ರಿಜೊ ಮತ್ತು ಗ್ಲೆರಾ ಕುರಿತು ಎರಡು ಸಾಲಿನ ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಓದುಗ, ಸಾಗರ