ಸಸಿ ನೆಡುವ ಮೊದಲು ಮಕ್ಕಳಿಗೆ ಹಳೇ ಕಾಡು ತೋರಿಸಿ

ಮಾನ್ಯ ಸಂಪಾದಕರೇ,

ಜೂನ್ 5ರ ಪರಿಸರ ದಿನ ಬಂತು ಅಂದ್ರೆ ನಮ್ಮ ಕಾಸರಗೋಡಿನ ಶಾಲೆಗಳಲ್ಲಿ ಮಕ್ಕಳ ಕೈಗೆ ಒಂದೊಂದು ಸಸಿ ಕೊಟ್ಟು ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕ್ತಾರೆ, ಅದು ಬೇಡ ಅಂತ ನಾನು ಹೇಳ್ತಾ ಇಲ್ಲ, ನೆಡಲಿ. ಆದ್ರೆ ಒಂದು ಮರ ಹೋದ್ರೆ ಒಂದು ಸಸಿ ನೆಟ್ರಾಯ್ತು, ಒಂದು ಗುಡ್ಡೆ ಕಾಡು ಹೋದ್ರೆ ಒಂದು ಗುಡ್ಡೆ ಅಕೇಶಿಯಾ ಹಾಕಿದ್ರೆ ಸರಿಹೋಯ್ತು ಅಂತ ಮಕ್ಕಳ ತಲೆಯಲ್ಲಿ ಕೂತುಬಿಟ್ಟಿದೆ. ಅದು ತಪ್ಪು ಅಂತ ಬಾಯಲ್ಲಿ ಹೇಳಿದ್ರೆ ತಲೆಗೆ ಹೋಗೋದಿಲ್ಲ, ಹಳೇ ಕಾಡಿನ ಒಳಗೆ ಕರ್ಕೊಂಡು ಹೋಗಿ ನಿಲ್ಲಿಸಬೇಕು.

ಕಾಡು ಎಲ್ಲಿ ಉಂಟು ಅಂತ ಕೇಳುವವರಿದ್ದಾರೆ. ಕಾರಡ್ಕ, ಪರಪ್ಪ ಕಡೆ ರಿಸರ್ವ್ ಫಾರೆಸ್ಟ್ ಉಂಟು, ರಾಣಿಪುರಕ್ಕಂತೂ ಶಾಲಾ ಟೂರೇ ಹೋಗ್ತದೆ, ಆದ್ರೆ ಮಕ್ಕಳು ಓಡಿಕೊಂಡು ಹುಲ್ಲಿನ ಗುಡ್ಡ ಹತ್ತಿ ಸೆಲ್ಫಿ ತೆಗೆದು ಇಳೀತಾರೆ, ದಾರಿಯಲ್ಲಿ ದಾಟಿದ ಶೋಲಾ ಕಾಡನ್ನ, ಅಂದ್ರೆ ಹುಲ್ಲುಗುಡ್ಡಗಳ ನಡುವಿನ ದಟ್ಟ ಕಾಡನ್ನ, ಯಾರೂ ನಿಂತು ನೋಡೋದಿಲ್ಲ. ಅಷ್ಟು ದೂರ ಹೋಗ್ಲಿಕ್ಕೆ ಆಗದಿದ್ರೆ ಊರಿನ ಬನ ಉಂಟಲ್ಲ. ನಾಗಬನ, ಗುಳಿಗನ ಬನ ಅಂತ ದೈವದ ಹೆಸರಲ್ಲಿ ಹಿರಿಯರು ಕತ್ತಿ ತಾಗಿಸದೆ ಬಿಟ್ಟ ಜಾಗಗಳು ಹತ್ತಿಪ್ಪತ್ತು ಸೆಂಟ್ಸೇ ಇರಲಿ, ಒಳಗಿರೋದು ಹಳೇ ಕಾಡಿನ ತುಂಡೇ. ಅದನ್ನೂ ಈಗ ಬೋಳಿಸಿ ಕಾಂಕ್ರೀಟ್ ಕಟ್ಟೆ ಕಟ್ಟಿ ಇಂಟರ್‌ಲಾಕ್ ಹಾಕ್ತಾ ಇದ್ದಾರೆ, ನೋಡುವಾಗ ಹೊಟ್ಟೆ ಉರೀತದೆ.

ಮಳೆಗಾಲದಲ್ಲಿ ಒಂದು ದೊಡ್ಡ ಧೂಪದ ಮರದ ಬುಡಕ್ಕೆ ಮಕ್ಕಳನ್ನ ಕರ್ಕೊಂಡು ಹೋಗಿ ನೋಡಿ. ಕಂದು ಬಣ್ಣದ ಕಾಯಿ ಮೂರು ಹೋಳಾಗಿ ಒಡೆದು ಬಿದ್ದಿರ್ತದೆ, ಬಿದ್ದು ಕೆಲವೇ ದಿನದಲ್ಲಿ ಬೇರು ಇಳಿಸಿರ್ತದೆ, ಯಾಕಂದ್ರೆ ಈ ಬೀಜವನ್ನ ಭತ್ತದ ಹಾಗೆ ಒಣಗಿಸಿ ಇಟ್ಟುಕೊಳ್ಳಲಿಕ್ಕೆ ಆಗೋದಿಲ್ಲ, ಒಣಗಿದ್ರೆ ಸತ್ತು ಹೋಗ್ತದೆ. ಸುತ್ತ ಮೊಣಕಾಲೆತ್ತರದ ಗಿಡಗಳು ತುಂಬಾ ಇರ್ತವೆ, ಅವು ಈ ವರ್ಷದ್ದು ಅಂತ ಅಂದ್ಕೊಳ್ಬೇಡಿ, ಅದರಲ್ಲಿ ಎಷ್ಟೋ ಗಿಡ ವರ್ಷಗಟ್ಟಲೆ ನೆರಳಲ್ಲೇ ಕಾಯ್ತಾ ಕೂತದ್ದು. ಪಕ್ಕದ ಹಳೇ ಮರ ಗಾಳಿಗೆ ಉರುಳಿ ಮೇಲಿಂದ ಬಿಸಿಲು ಬಿದ್ದ ಮೇಲೆಯೇ ಅದರಲ್ಲಿ ಒಂದೋ ಎರಡೋ ಮೇಲೆ ಏಳೋದು. ಉರುಳಿದ ಮರವೂ ವೇಸ್ಟ್ ಅಲ್ಲ, ಅಣಬೆ, ಗೆದ್ದಲು, ಸಹಸ್ರಪದಿ ಎಲ್ಲ ಸೇರಿ ಅದನ್ನ ನಿಧಾನಕ್ಕೆ ಮಣ್ಣು ಮಾಡ್ತವೆ. ಇನ್ನು ಮಂಗಟ್ಟೆ ಹಕ್ಕಿ. ಹೆಣ್ಣು ಹಕ್ಕಿ ದೊಡ್ಡ ಮರದ ಪೊಟರೆಯೊಳಗೆ ಹೋಗಿ ಬಾಗಿಲು ಮುಚ್ಚಿ ಒಂದು ಸೀಳು ಮಾತ್ರ ಬಿಟ್ಟು ಮೊಟ್ಟೆ ಇಡ್ತದೆ, ಗಂಡು ಹಣ್ಣು ತಂದು ಆ ಸೀಳಿನಿಂದಲೇ ತಿನ್ನಿಸ್ತದೆ. ಅಷ್ಟು ದೊಡ್ಡ ಪೊಟರೆ ಆಗ್ಬೇಕಾದ್ರೆ ಮರಕ್ಕೆ ಎಷ್ಟು ವಯಸ್ಸಾಗಬೇಕು ಅಂತ ಮಕ್ಕಳೇ ಕೇಳ್ತಾರೆ. ಅಕೇಶಿಯಾ ತೋಟದಲ್ಲಿ ಆ ಪ್ರಶ್ನೆ ಹುಟ್ಟೋದೇ ಇಲ್ಲ.

ಕಾಡಿಗೆ ಚರಿತ್ರೆಯೂ ಉಂಟು. 1956ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಇದ್ದವರು, ಮದ್ರಾಸ್ ಸರಕಾರದ ಕೆಳಗೆ. 1860ರ ಸುಮಾರಿಗೆ ಕುಮರಿ ಬೇಸಾಯಕ್ಕೆ, ಅಂದ್ರೆ ಕಾಡು ಕಡಿದು ಸುಟ್ಟು ಜಾಗ ಬದಲಿಸ್ತಾ ಮಾಡುವ ಬೇಸಾಯಕ್ಕೆ, ತಡೆ ಬಂತು, 1882ರ ಮದ್ರಾಸ್ ಅರಣ್ಯ ಕಾಯ್ದೆಯಿಂದ ಕಾಡು ರಿಸರ್ವ್ ಆಯ್ತು, ಅಲ್ಲೇ ಹುಟ್ಟಿ ಬೆಳೆದವರು ಒಂದೇ ಸಲಕ್ಕೆ ಹೊರಗಿನವರಾದ್ರು. ಎಂಡೋಸಲ್ಫಾನ್ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು, ಆ ಕೀಟನಾಶಕವನ್ನ ಗೇರು ತೋಟಗಳಿಗೆ 2000ದವರೆಗೆ ಹೆಲಿಕಾಪ್ಟರಿನಲ್ಲಿ ಸಿಂಪಡಿಸಿದ್ದು ಗೊತ್ತು, ಆದ್ರೆ ಗೇರು ತೋಟ ಬರುವ ಮೊದಲು ಆ ಗುಡ್ಡೆಗಳಲ್ಲಿ ಎಂತ ಇತ್ತು ಅಂತ ಯಾರೂ ಅವರಿಗೆ ಹೇಳೋದಿಲ್ಲ. 1983ರಲ್ಲಿ ಶಿರಸಿ ಹತ್ತಿರ ಸಲ್ಕಣಿಯವರು ಮರ ತಬ್ಬಿಕೊಂಡು ಅಪ್ಪಿಕೋ ಚಳವಳಿ ಶುರು ಮಾಡಿದ್ದು, ಮಾರನೇ ವರ್ಷ ಈಚೆ ಕೇರಳದಲ್ಲಿ ಸೈಲೆಂಟ್ ವ್ಯಾಲಿ ಕಾಡು ಅಣೆಕಟ್ಟಿಂದ ಉಳಿದು ರಾಷ್ಟ್ರೀಯ ಉದ್ಯಾನ ಆದದ್ದು, ಎರಡೂ ನಮ್ಮದೇ ಕಥೆ. ಗಡಿನಾಡಿನ ಮಕ್ಕಳಿಗೆ ಎರಡೂ ಕಡೆಯದ್ದು ಸಿಗಬೇಕು.

ಹೇಳಿಕೊಡುವವರು ಯಾರು ಅಂದ್ರೆ ಟೀಚರ್‌ಗಳ ಮೇಲೇ ಎಲ್ಲ ಹಾಕುವುದು ನ್ಯಾಯ ಅಲ್ಲ, ಅವರಿಗೆ ಈಗಲೇ ಕೆಲಸ ಜಾಸ್ತಿ. ಬುಟ್ಟಿ ಹೆಣೆಯುವ ಕೊರಗ ಸಮುದಾಯದ ಹಿರಿಯರಿಗೆ ಯಾವ ಬಳ್ಳಿ ಎಲ್ಲಿ ಸಿಗ್ತದೆ, ಎಷ್ಟು ಕೊಯ್ದರೆ ಮತ್ತೆ ಚಿಗುರ್ತದೆ ಅಂತ ಗೊತ್ತುಂಟು, ಇಲ್ಲಿನ ಇನ್ನೊಂದು ಬುಡಕಟ್ಟಿನವರಾದ ಮಾವಿಲರಿಗೂ ಹಾಗೇ. ಅವರನ್ನ ಶಾಲೆಗೆ ಕರೆದು ಬೇರೆ ಸಂಪನ್ಮೂಲ ವ್ಯಕ್ತಿಗಳಿಗೆ ಕೊಡುವ ಹಾಗೆ ಗೌರವಧನ ಕೊಟ್ಟು ಮಕ್ಕಳ ಮುಂದೆ ನಡೆಸಬೇಕು. ಅರಣ್ಯ ಇಲಾಖೆ ನಡೆಸುವ ಪ್ರಕೃತಿ ಶಿಬಿರಗಳಿಗೆ ನಮ್ಮ ಕನ್ನಡ ಮೀಡಿಯಂ ಶಾಲೆಗಳೂ ಅರ್ಜಿ ಹಾಕಲಿ, ಕನ್ನಡದಲ್ಲಿ ವಿವರಿಸುವವರು ಬೇಕು ಅಂತ ಪಿಟಿಎಯವರು (ರಕ್ಷಕ-ಶಿಕ್ಷಕ ಸಂಘದವರು) ಅರ್ಜಿಯಲ್ಲೇ ಬರೆಯಲಿ. ತಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ವಾರಕ್ಕೊಂದು ಬನದ ಬಗ್ಗೆ ಆ ಊರಿನ ಮಕ್ಕಳೇ ಬರೆದದ್ದನ್ನ ಹಾಕಲಿಕ್ಕೆ ಸಾಧ್ಯವೇ ಅಂತಲೂ ಕೇಳಿಕೊಳ್ತೇನೆ.

ಇತಿ,
ಓರ್ವ ಓದುಗ, ಮುಳ್ಳೇರಿಯ